ಕಾಗದಕ್ಕೆ ಮುಂಚೆ ಮಾಡಿದ ಬೋಣಿ

ಹೋದ ತಿಂಗಳು ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಗೆಳತಿಯ ಮಗಳ ಮದುವೆಯಿತ್ತು. ಹಿಂದಿನ ದಿನ ನನ್ನ ಹಳೆಯ ಹಸಿರು ರವಿಕೆಯನ್ನು ಹಾಕಿ ನೋಡಿದೆ. ತೋಳೇ ಏರಲಿಲ್ಲ. ವಯಸ್ಸಾದಂತೆ ಬುದ್ಧಿ ಬೆಳೆಯುತ್ತದೋ ಇಲ್ಲವೋ, ರವಿಕೆಯಂತೂ ಚಿಕ್ಕದಾಗುತ್ತದೆ. ಬ್ಲೇಡು ಹಿಡಿದು ಪಕ್ಕದ ಹೊಲಿಗೆ ಬಿಚ್ಚುತ್ತಾ ಕುಳಿತೆ. ಮುಂದೆ ಬೇಕಾದೀತೆಂದು ಒಳಗೆ ಒಂದೂವರೆ ಇಂಚು ಬಟ್ಟೆ ಮಡಚಿ ಬಿಟ್ಟಿತ್ತು. ಆ ಮಡಿಕೆ ಬಿಚ್ಚಿಕೊಂಡಾಗ ಒಂದು ವಾಸನೆ ಬಂತು. ಮಷೀನಿನ ಎಣ್ಣೆ, ಕಲ್ಲಿದ್ದಲ ಹೊಗೆ, ಕಾಲುವೆಯ ತೇವ... ಇಷ್ಟು ವರ್ಷ ಒಗೆದ ಬಟ್ಟೆಯಲ್ಲಿ ಅದು ನಿಜವಾಗಿ ಉಳಿದಿತ್ತೋ ನನ್ನ ಭ್ರಮೆಯೋ ಹೇಳಲಾರೆ. ಬ್ಲೇಡು ಕೆಳಗಿಟ್ಟೆ.

ಆ ರವಿಕೆ ಹೊಲಿದವರನ್ನು ಬರ್ಮಿಂಗ್‌ಹ್ಯಾಮಿನ ಕನ್ನಡದವರು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಗದಗಿನ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು. ಅಲ್ಲಿ ಶಾಲೆಯ ಟೀಚರಮ್ಮನನ್ನು ಹಾಗೆ ಕರೆಯುವುದು ರೂಢಿ. ಎಂಜಿನಿಯರ್ ಗಂಡನ ಹಿಂದೆ ಬರ್ಮಿಂಗ್‌ಹ್ಯಾಮಿಗೆ ಬಂದು ಇಪ್ಪತ್ತು ವರ್ಷ ಕಳೆದಿದ್ದರೂ ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯುತ್ತಿದ್ದರು. ಆ ಹಿಂಜರಿಕೆ ನೋಡಿ ಅವರಿಗೆ ಓದಲೂ ಬಾರದೆಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಬೆಂಗಳೂರಿನಲ್ಲಿ ಕಾನ್ವೆಂಟ್ ಓದಿದವಳಲ್ಲವೇ ನಾನು, ಅಷ್ಟು ಜಂಬ ಇಲ್ಲದಿದ್ದರೆ ಹೇಗೆ!

ನನಗೆ ಅವರ ಪರಿಚಯವಾದದ್ದು ಒಂದು ಯುಗಾದಿ ಕಾರ್ಯಕ್ರಮದಲ್ಲಿ. ಸ್ವಾಗತ ಗೀತೆ ಹಾಡಲು ವೇದಿಕೆ ಹತ್ತುವ ಹೊತ್ತಿಗೆ ಸರಿಯಾಗಿ ನನ್ನ ತೋಳಿನ ಹೊಲಿಗೆ ಬಿಟ್ಟುಕೊಂಡಿತು. ಪಕ್ಕದಲ್ಲಿದ್ದ ಹೆಂಗಸು ಏನೂ ಕೇಳದೆ ನನ್ನನ್ನು ಮೂಲೆಗೆ ಎಳೆದುಕೊಂಡು ಹೋಗಿ, ಪರ್ಸಿನಿಂದ ಸೂಜಿದಾರ ತೆಗೆದು, ನಾನು ರವಿಕೆ ತೊಟ್ಟಿದ್ದಂತೆಯೇ ಹೊಲಿದುಬಿಟ್ಟರು. ಆಮೇಲೆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ‘ಬಟ್ಟಿ ಛಲೋ ಐತಿ, ಹೊಲದಾಂವಗ ಬುದ್ಧಿ ಇಲ್ಲ’ ಎಂದರು. ಅಂದಿನಿಂದ ನಾನು ಅವರಿಗೆ ‘ತಂಗಿ’ಯಾದೆ.

ಅವರ ಮನೆ ದೋಣಿ. ಸೆಲ್ಲಿ ಓಕ್ ಬಡಾವಣೆ ದಾಟಿ ಸ್ವಲ್ಪ ದೂರ ನಡೆದರೆ ಕಾಲುವೆಯ ದಂಡೆಗೆ ಕಟ್ಟಿ ನಿಲ್ಲಿಸಿದ ಉದ್ದನೆಯ ದೋಣಿ. ಒಳಗೆ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ, ಮೂಲೆಯಲ್ಲೊಂದು ಕಲ್ಲಿದ್ದಲ ಒಲೆ. ಗಂಡ ನಿವೃತ್ತರಾದ ಮೇಲೆ ಇದ್ದ ಮನೆ ಮಾರಿ, ನೀರಿನ ಮೇಲೆ ಬದುಕಬೇಕೆಂಬ ಹುಚ್ಚು ಹಿಡಿದು ಅದನ್ನು ಕೊಂಡಿದ್ದರಂತೆ. ಎರಡೇ ಚಳಿಗಾಲ ಕಳೆದು ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಶೆಫೀಲ್ಡಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ನಾದಿನಿ, ‘ನಮ್ಮನಿಗೆ ಬಂದ್ಬಿಡ್ರಿ ವೈನಿ’ ಎಂದು ಅತ್ತಿಗೆಗೆ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಅಕ್ಕಾರು ಒಪ್ಪಲಿಲ್ಲ.

‘ಅಕಿ ಭಾಳ ಒಳ್ಳೇಕಿ. ಆದ್ರ ಅಲ್ಲಿ ನಾ ಏನ್ ಮಾಡ್ಲಿ? ಕುಂಡ್ರಿಸಿ ಊಟಕ್ಕ ಹಾಕ್ತಾರ. ಕೈ ಆಡಬೇಕು ತಂಗಿ. ಕೈ ನಿಂತ್ರ ಮನಶಾ ನಿಂತಂಗ.’

ಅವರ ಕೈಗೆ ಕೆಲಸವೇನೋ ಬೇಕಾದಷ್ಟಿತ್ತು. ಈ ಊರಿನಲ್ಲಿ ಸೀರೆ ಸಿಗುತ್ತದೆ, ಹೇಳಿದ ಅಳತೆಗೆ ರವಿಕೆ ಹೊಲಿಯುವವರು ಸಿಗುವುದಿಲ್ಲ. ನಾವೆಲ್ಲ ಒಂದೊಂದು ಗಂಟು ಹಿಡಿದು ದೋಣಿಗೆ ಹೋಗುತ್ತಿದ್ದೆವು. ವಿದ್ಯುತ್ತು ಉಳಿಸಲೆಂದು ಅವರು ಹೊಲಿಯುತ್ತಿದ್ದದ್ದು ಕೈಮಷೀನಿನಲ್ಲಿ. ಬೇರೆ ದೋಣಿ ಪಕ್ಕದಲ್ಲಿ ಹಾದುಹೋದರೆ ನಮ್ಮ ದೋಣಿ ಓಲಾಡುತ್ತಿತ್ತು. ಆಗ ಚಕ್ರದಿಂದ ಕೈ ತೆಗೆದು, ನೀರು ಶಾಂತವಾಗುವವರೆಗೆ ಸುಮ್ಮನೆ ಕೂತು, ಮತ್ತೆ ತಿರುಗಿಸುತ್ತಿದ್ದರು. ಅವರ ಹೊಲಿಗೆ ಒಂದು ದಿನವೂ ಸೊಟ್ಟಗೆ ಬಿದ್ದದ್ದನ್ನು ನಾನು ಕಾಣೆ.

ಆದರೆ ಯಾರಿಂದಲೂ ಒಂದು ಪೆನ್ನಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ದೋಣಿ ಕಟ್ಟಿ ನಿಲ್ಲಿಸುವ ಜಾಗ ವಾಸಕ್ಕೆಂದು ಕೊಟ್ಟದ್ದು, ಅಲ್ಲಿ ವ್ಯಾಪಾರ ಮಾಡಬೇಕಾದರೆ ಕಾಲುವೆ ಕಚೇರಿಯ ಪರವಾನಗಿ ಬೇಕು. ಗಂಡನ ಪೆನ್ಷನ್ನಿನ ಪಾಲೊಂದರಲ್ಲೇ ದೋಣಿ ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಪರವಾನಗಿ ಸಿಕ್ಕರೆ ದೋಣಿಯಲ್ಲಿರಬಹುದು, ಇಲ್ಲದಿದ್ದರೆ ಶೆಫೀಲ್ಡು. ಅರ್ಜಿ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. ಬಂತು ಅನ್ನುವುದೇನು, ನಾನೇ ಮೇಲೆ ಬಿದ್ದು ತೆಗೆದುಕೊಂಡೆ. ನಮ್ಮ ಗುಂಪಿನಲ್ಲಿ ಯಾರದೇ ವೀಸಾ, ಕೌನ್ಸಿಲ್ ಟ್ಯಾಕ್ಸ್, ಶಾಲೆಯ ಅರ್ಜಿ ಇರಲಿ, ನನ್ನನ್ನು ಕೇಳದೆ ಯಾರೂ ಸಹಿ ಹಾಕುತ್ತಿರಲಿಲ್ಲ.

ಮೂರು ಶನಿವಾರ ಕೂತೆವು. ವಿಮೆ, ದೋಣಿಯ ಸುರಕ್ಷತೆಯ ಪತ್ರ, ಗಿರಾಕಿಗಳು ಯಾವ ದಾರಿಯಲ್ಲಿ ಬರುತ್ತಾರೆ, ಸದ್ದು ಎಷ್ಟು, ಕಸ ಎಲ್ಲಿಗೆ... ಪ್ರಶ್ನೆಗಳು ಮುಗಿಯುವಂತಿರಲಿಲ್ಲ. ಎಷ್ಟು ಹೊತ್ತು ತೆರೆದಿರುತ್ತೀರಿ ಎಂಬುದಕ್ಕೆ ಅಕ್ಕಾರು, ‘ಬೆಳಕಿರೂತನಕ’ ಎಂದರು. ವ್ಯಾಪಾರದ ಹೆಸರೇನೆಂದರೆ ‘ಹೊಲಿಗಿ’ ಎಂದರು. ನಾನು ಅದಕ್ಕೆ ನಾಲ್ಕು ಸಾಲಿನ ಠೀವಿಯ ಇಂಗ್ಲಿಷು ತೊಡಿಸಿ ಓದಿ ಹೇಳಿದೆ.

‘ಏನೇನೋ ಬರೀಬ್ಯಾಡ ತಂಗಿ. ನಾ ಮಾಡೂದಷ್ಟ ಬರಿ. ನಾಳೆ ಬಂದು ನೋಡಿದ್ರ ಕಾಗದದಾಗ ಇದ್ದದ್ದು ದೋಣ್ಯಾಗ ಇರಬೇಕಲ್ಲ?’

ಅರ್ಜಿ ಹೋಯಿತು. ಕಚೇರಿಯಿಂದ ಒಬ್ಬ ಅಧಿಕಾರಿ ಬಂದು ದೋಣಿ ನೋಡಿ, ಅಕ್ಕಾರು ಕೊಟ್ಟ ಚಹಾ ಕುಡಿದು, ಮಷೀನಿನ ಚಕ್ರ ಒಂದು ಸುತ್ತು ತಿರುಗಿಸಿ ನಗುತ್ತಾ ಹೋದ. ಆಕ್ಷೇಪಣೆ ಬರದಿದ್ದರೆ ಕೆಲವೇ ವಾರಗಳಲ್ಲಿ ಕಾಗದ ಬರುತ್ತದೆ ಎಂದ. ಪಕ್ಕದ ದೋಣಿಯ ಮುದುಕನಂತೂ ತನ್ನ ಕೋಟಿನ ಜಿಪ್ಪು ರಿಪೇರಿಗೆ ಮೊದಲ ಸರದಿ ಕೇಳಿಟ್ಟುಕೊಂಡಿದ್ದ. ಆ ದಿನಗಳಲ್ಲಿ ಅಕ್ಕಾರು ನಕ್ಕಷ್ಟು ಮತ್ತೆಂದೂ ನಗಲಿಲ್ಲ. ಕಾಗದ ಮಾತ್ರ ಬರಲಿಲ್ಲ, ದಸರಾ ಬಂತು.

ವಿಜಯದಶಮಿ. ನಮ್ಮ ಮನೆಯಲ್ಲಿ ಪಂಚಾಂಗ ನೋಡದೆ ಹೊಸ ಪೊರಕೆಯನ್ನೂ ತರುತ್ತಿರಲಿಲ್ಲ, ಆ ದಿನಕ್ಕೆ ಮಾತ್ರ ಪಂಚಾಂಗವೇ ಬೇಡ. ಅಂಥ ದಿನವನ್ನು ಬಿಟ್ಟುಕೊಡುವುದುಂಟೇ? ಅಂಗಡಿಯ ಪೂಜೆ ಅಂದೇ ಆಗಿಬಿಡಲಿ, ಕಾಗದ ಹಿಂದೆಯೇ ಬರುತ್ತದೆ ಎಂದು ಪಟ್ಟು ಹಿಡಿದೆ. ಅಕ್ಕಾರದು ಲಿಂಗಾಯತ ಮನೆತನ, ಕಾಯಕ ನಂಬಿದವರು, ಮುಹೂರ್ತ ನಂಬಿದವರಲ್ಲ.

‘ದುಡಿಯಾಕ ಎಂಥಾ ಮುಹೂರ್ತ? ಕಾಗದ ಬರ್ಲಿ, ತಾಳಿದವನು ಬಾಳಿಯಾನು.’

‘ಶುಭಸ್ಯ ಶೀಘ್ರಂ ಅಕ್ಕಾರೇ. ಬರೀ ಪೂಜೆ ತಾನೆ, ಯಾರಿಗೇನು ತೊಂದರೆ?’

‘ಕೂಸು ಹುಟ್ಟೂ ಮೊದಲ ಕುಲಾವಿ ಹೊಲದಂಗಾತು’ ಎಂದರು. ಆದರೂ ನನ್ನ ಮುಖ ನೋಡಿ, ‘ಆತು, ನಿನ್ನ ಸಮಾಧಾನಕ್ಕ’ ಎಂದು ಒಪ್ಪಿದರು. ನನ್ನ ಮೇಲಿನ ಪ್ರೀತಿಗೆ ಒಪ್ಪಿದರು, ಬೇರೆ ಯಾವ ಕಾರಣವೂ ಇರಲಿಲ್ಲ.

ನಾನು ಚೆಂಡುಹೂವಿನ ಮಾಲೆ ತಂದೆ. ಮಷೀನಿಗೆ ಕುಂಕುಮ ಇಟ್ಟೆ. ವಾಹನಕ್ಕಾದರೆ ಚಕ್ರದಡಿ ನಿಂಬೆಹಣ್ಣು ಇಡಬಹುದು, ದೋಣಿಗೆ ಚಕ್ರವೆಲ್ಲಿ? ಮುಂದೊಂದು ಹಿಂದೊಂದು ಇಟ್ಟೆ. ಒಂದು ಉರುಳಿ ನೀರಿಗೆ ಬಿತ್ತು, ಬಂದಿದ್ದ ಹತ್ತು ಹನ್ನೆರಡು ಜನರೂ ನಕ್ಕರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಬೋಣಿಯಿಲ್ಲದೆ ಅಂಗಡಿ ಪೂಜೆ ಮುಗಿಯುವುದಿಲ್ಲ ಎಂದು ನಾನೇ ಒಂದು ಪೌಂಡಿನ ನಾಣ್ಯ ತೆಗೆದು ಅವರ ಕೈಗಿಟ್ಟು, ಈ ಹಸಿರು ರವಿಕೆಯ ಬಟ್ಟೆಯನ್ನು ಕೊಟ್ಟೆ. ಅವರು ಹಿಂದೆ ಮುಂದೆ ನೋಡಿ ನಾಣ್ಯವನ್ನು ಕಣ್ಣಿಗೊತ್ತಿಕೊಂಡರು. ಆ ಗಳಿಗೆಯ ಫೋಟೋ ತೆಗೆದು, ‘ಕಾಲುವೆಯ ಮೇಲೆ ಹೊಲಿಗೆ ಅಂಗಡಿ, ಇಂದು ಶುಭಾರಂಭ, ಎಲ್ಲರೂ ಬನ್ನಿ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. ನೂರಾರು ಜನರ ಗುಂಪು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ ದೇವರೇ ಬಲ್ಲ.

ಎರಡು ವಾರದ ನಂತರ ಅಕ್ಕಾರು ಫೋನು ಮಾಡಿ, ಕಾಗದ ಬಂದಿದೆ, ಓದಿ ಹೇಳು ಬಾ ಎಂದರು. ಹೋದೆ. ಮೊದಲ ಸಾಲಿನಲ್ಲೇ ಅರ್ಜಿ ತಿರಸ್ಕೃತ ಎಂದಿತ್ತು. ಪರವಾನಗಿ ಸಿಗುವ ಮೊದಲೇ ವ್ಯಾಪಾರ ಆರಂಭಿಸಿದ್ದಕ್ಕೆ ಪುರಾವೆ ಬಂದಿದೆ, ಚಿತ್ರ ಲಗತ್ತಿಸಿದೆ. ಎರಡನೆಯ ಹಾಳೆಯಲ್ಲಿ ನಾನು ತೆಗೆದ ಫೋಟೋ, ಅದರಡಿಯಲ್ಲಿ ನಾನು ಬರೆದ ಒಕ್ಕಣೆ. ಕೊನೆಯಲ್ಲಿ, ಈ ಬಗ್ಗೆ ನಾಲ್ಕು ವಾರದೊಳಗೆ ವಿವರಣೆ ಬರೆದುಕೊಟ್ಟರೆ ಮತ್ತೊಮ್ಮೆ ಪರಿಶೀಲಿಸುತ್ತೇವೆ ಎಂದಿತ್ತು.

ಫೋಟೋ ನೋಡಿದ್ದರೂ ಅದು ಅಲ್ಲಿ ಏಕಿದೆಯೆಂದು ಅವರಿಗೆ ತಿಳಿದಿರಲಾರದು ಎಂದುಕೊಂಡು ಆ ಹಾಳೆ ಮಗುಚಿದೆ. ಅಕ್ಕಾರು ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು.

‘ಏನಂತ ಬರದಾರ?’

‘ಆಗಲ್ಲ ಅಂದಿದ್ದಾರೆ ಅಕ್ಕಾರೇ. ವಾಸಕ್ಕೆ ಕೊಟ್ಟ ಜಾಗ ಅಂತೆ, ರೂಲ್ಸ್ ಅಂತೆ...’

‘ಮತ್ತೇನೂ ಬರದಿಲ್ಲೇನು?’

‘ಇಲ್ಲ’ ಎಂದೆ.

ಅವರು ಕಾಗದ ಇಸಿದುಕೊಂಡು ಮಡಚಿ ಇಟ್ಟರು. ಚಹಾ ಮಾಡಿ ಕೊಟ್ಟರು. ನಾನು ಕುಡಿದೆ. ಹೇಗೆ ಕುಡಿದೆನೋ ಇವತ್ತಿಗೂ ತಿಳಿಯದು.

ವಿವರಣೆಯನ್ನು ಅವರಿಗೆ ತಿಳಿಯದಂತೆ ನಾನೇ ಬರೆದು ಕಳಿಸಿ, ಎಲ್ಲ ಸರಿಮಾಡಿ, ಆಮೇಲೆ ಒಳ್ಳೆಯ ಸುದ್ದಿಯನ್ನಷ್ಟೇ ಹೇಳಬೇಕೆಂದುಕೊಂಡೆ. ಆದರೆ ಅದಕ್ಕೆ ಅವರ ಸಹಿ ಬೇಕು, ಸಹಿಗೆ ನಿಜ ಹೇಳಬೇಕು. ಇವತ್ತು, ನಾಳೆ ಎಂದು ದೂಡಿದೆ. ಆಫೀಸಿನಲ್ಲಿ ಕೆಲಸ ಏರಿತು, ಮಗಳಿಗೆ ಜ್ವರ ಬಂತು. ಇವೆಲ್ಲ ನೆಪ. ನಾನು ಹೆದರಿದ್ದೆ. ಊರಿಗೆಲ್ಲ ಅರ್ಜಿ ತುಂಬಿಸಿ ಕೊಡುವವಳು ಒಬ್ಬ ವಿಧವೆಯ ಬದುಕನ್ನು ಒಂದು ಫೋಟೋದಲ್ಲಿ ಕೆಡಿಸಿದಳು ಎಂದು ಗುಂಪಿನಲ್ಲಿ ಮಾತಾಗುತ್ತದೆಂದು ಹೆದರಿದ್ದೆ. ನಾಲ್ಕು ವಾರ ಕಳೆಯಿತು.

ವಸಂತದ ಹೊತ್ತಿಗೆ ದೋಣಿ ಮಾರಾಟವಾಯಿತು. ಹೊರಡುವ ಮುಂಚೆ ಅಕ್ಕಾರು ನನ್ನ ರವಿಕೆಯನ್ನು ಮುಗಿಸಿ ಕೊಟ್ಟರು. ಆಮೇಲೆ ಒಮ್ಮೆ ಮಾತ್ರ ಶೆಫೀಲ್ಡಿಗೆ ಹೋಗಿ ಅವರನ್ನು ನೋಡಿದೆ. ಟ್ರಾಮ್ ಕಾಣುವ ಕಿಟಕಿಯ ಪಕ್ಕ ಒಂದು ಕುರ್ಚಿ, ಕಾಲಿಗೆ ಬೆಚ್ಚನೆಯ ಹೊದಿಕೆ. ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಕೈಮಷೀನು ಮೆಟ್ಟಿಲ ಕೆಳಗೆ ಇತ್ತು, ಮೇಲೆ ಶೂಗಳ ಡಬ್ಬಿಗಳು. ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅವರನ್ನು ನೋಡಲಾಗದೆ ನಾನು ಟ್ರಾಮನ್ನು ನೋಡುತ್ತಾ ಮಾತಾಡಿದೆ. ಬಾಗಿಲವರೆಗೆ ಬಂದವರು ನನ್ನ ಕೈ ಹಿಡಿದು, ‘ಮತ್ತೇನರ ಹೇಳೂದೈತೇನು ತಂಗಿ?’ ಎಂದು ಕೇಳಿದರು.

‘ಏನಿಲ್ಲ ಅಕ್ಕಾರೇ. ಆರೋಗ್ಯ ನೋಡಿಕೊಳ್ಳಿ’ ಎಂದೆ.

ಮರುವರ್ಷ ಚಳಿಗಾಲದಲ್ಲಿ ಅವರು ಲಿಂಗೈಕ್ಯರಾದ ಸುದ್ದಿ ಬಂತು. ಮಣ್ಣು ಮುಗಿಸಿ ಶೆಫೀಲ್ಡಿನ ಮನೆಗೆ ಬಂದ ಮೇಲೆ ನಾದಿನಿ ಒಂದು ಹಾಳೆ ತಂದು ನನ್ನ ಮುಂದಿಟ್ಟರು. ಅದೇ ಕಾಗದವನ್ನು ಅಕ್ಕಾರು ಕೈಯಲ್ಲಿ ನಕಲು ಮಾಡಿಕೊಂಡದ್ದು. ಇಂಗ್ಲಿಷಿನ ಕಷ್ಟದ ಪದಗಳ ತಲೆಯ ಮೇಲೆಲ್ಲ ಪೆನ್ಸಿಲಿನಲ್ಲಿ ಕನ್ನಡದ ಅರ್ಥ, ಶಾಲೆಯ ಟೀಚರಮ್ಮನ ದುಂಡನೆಯ ಅಕ್ಷರ. ಪುರಾವೆ. ಲಗತ್ತು. ನಾಲ್ಕು ವಾರ ಎಂಬುದರ ಕೆಳಗೆ ಒಂದು ಗೆರೆ.

‘ಕಾಗದ ಬಂದ ದಿನಾನ ನನಗ ಫೋನ್ ಮಾಡಿ ಒಂದೊಂದು ಶಬ್ದ ಕೇಳಿ ಬರ್ಕೊಂಡ್ರು’ ಎಂದರು ನಾದಿನಿ. ‘ಆಮ್ಯಾಲ ನಿಮ್ಮನ್ನ ಕರದ್ರು. ನಾನು ಎಷ್ಟ್ ಹೇಳಿದೆ, ಉತ್ತರಾ ಬರೀರಿ ವೈನಿ, ಫೋಟೋ ಹಾಕಿದ್ದು ಬ್ಯಾರೆಯವರು ಅಂತ ಬರೀರಿ ಅಂತ. ಕೇಳ್ಲಿಲ್ಲ. ಅಕಿ ತಾನ ಬಂದು ಹೇಳ್ತಾಳ, ಅಕಿ ಹೇಳೂತನಕ ನಾ ಅಕಿ ಹೆಸರು ಬರ್ಯೂದಿಲ್ಲ ಅಂದ್ರು.’

ನಾದಿನಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನಾನು ಆ ಮನೆಯವರೆಲ್ಲರ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತೆ. ಅತ್ತು ಸಮಾಧಾನವಾಗುವಂಥದ್ದಲ್ಲ ಅದು.

ಮದುವೆ ಮುಗಿಸಿ ಬರುವಾಗ ಆ ದಂಡೆಗೆ ಹೋಗಿದ್ದೆ. ಅದೇ ಜಾಗದಲ್ಲಿ ಬೇರೆ ದೋಣಿ ನಿಂತಿದೆ, ಒಬ್ಬಳು ಹುಡುಗಿ ಕಾಫಿ ಮಾರುತ್ತಾಳೆ. ಕಿಟಕಿಯ ಗಾಜಿಗೆ ಪರವಾನಗಿಯ ಕಾಗದ ಅಂಟಿಸಿದ್ದಾಳೆ. ಹತ್ತಿರ ಹೋಗಿ ಒಂದೊಂದೇ ಸಾಲು ಓದಿದೆ. ಅಕ್ಕಾರ ಅರ್ಜಿಯಲ್ಲಿ ನಾನು ಒಪ್ಪಿ ಬರೆದಿದ್ದ ಷರತ್ತುಗಳೇ ಎಲ್ಲ. ಅಂದರೆ ಅಲ್ಲಿ ಅಂಗಡಿ ಆಗಬಹುದಿತ್ತು. ಹುಡುಗಿ ಏನು ಬೇಕೆಂದು ಕೇಳಿದಳು, ಏನೂ ಬೇಡವೆಂದು ತಲೆಯಾಡಿಸಿದೆ.

ಫೋಟೋ ಹಾಕಿದವಳು ನಾನು, ಅವರ ತಪ್ಪಿಲ್ಲ ಎಂದು ಬರೆಯಬೇಕಿತ್ತು. ಎರಡು ಸಾಲು ಸಾಕಾಗಿತ್ತು. ಕಚೇರಿ ಅದಕ್ಕೆ ನಾಲ್ಕು ವಾರ ಕಾದಿತ್ತು. ಅಕ್ಕಾರು ಸಾಯುವವರೆಗೆ ಕಾದರು. ನಾನು ಹೇಳಲಿಲ್ಲ.