ಅತ್ತೆಯ ಫೋನಿನಲ್ಲಿ ತಂಬೋಲಾ

ಮೊದಲು ಬಂದ ಸಂಖ್ಯೆ ನಲವತ್ತೊಂದು ಎಂದು ನನ್ನ ನೆನಪು. ನಲವತ್ಮೂರೂ ಇರಬಹುದು. ಅತ್ತೆ ಆ ದಿನ ಹಸಿರು ಸೀರೆ ಉಟ್ಟಿದ್ದರು ಎಂದು ಬರೆಯಹೊರಟರೆ, ಅದು ಬೇರೆ ಯಾವುದೋ ಫೋಟೋದಿಂದ ಬಂದು ಸೇರಿಕೊಂಡ ಸೀರೆಯೇನೋ ಎಂಬ ಅನುಮಾನ. ನನ್ನ ಡೈರಿಯಲ್ಲಿ ಆ ಭಾನುವಾರದ ಬಗ್ಗೆ ಇರುವುದು "ಎಲ್ಲ ಚೆನ್ನಾಗಿ ಆಯಿತು" ಎಂಬ ಒಂದೇ ಸಾಲು. ಅದನ್ನು ಬರೆದವಳಿಗೆ ಆಗ ಏನೂ ಗೊತ್ತಿರಲಿಲ್ಲ. ಹಾಗಾಗಿ ಅವಳನ್ನೂ ನಂಬುವಂತಿಲ್ಲ.

ಎಂ.ಎ. ಮುಗಿಸಿ ನಾನು ದೆಹಲಿಗೆ ಬಂದದ್ದು ಸಿವಿಲ್ ಸರ್ವಿಸ್ ಪರೀಕ್ಷೆಗೆ. ಓಲ್ಡ್ ರಾಜಿಂದರ್ ನಗರದ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ ಓದಿದೆ. ಎರಡು ಸಲ ಬರೆದರೂ ಮೊದಲ ಹಂತವನ್ನೇ ದಾಟಲಿಲ್ಲ. ಕೋಣೆ ಬಿಟ್ಟು, ದೆಹಲಿಯದೇ ಬಡಾವಣೆಯಾದ ದ್ವಾರಕಾದಲ್ಲಿದ್ದ ಸೋದರತ್ತೆಯ ಮನೆಗೆ ಬಂದೆ. ಬಣ್ಣದ ಪರದೆಯ ಫೋನುಗಳಲ್ಲಿ ಚಿಕ್ಕಪುಟ್ಟ ಜಾವಾ ಪ್ರೋಗ್ರಾಮುಗಳು ಓಡಲು ಶುರುವಾಗಿದ್ದ ಕಾಲ ಅದು. ದರಿಯಾಗಂಜಿನ ಫುಟ್‌ಪಾತಿನ ಭಾನುವಾರದ ಪುಸ್ತಕ ಸಂತೆಯಲ್ಲಿ, ಅಂಥವನ್ನು ಬರೆಯುವುದು ಹೇಗೆಂದು ಹೇಳುವ ಹಳೆಯ ಪುಸ್ತಕವೊಂದು ಸಿಕ್ಕಿತು. ಅದನ್ನೇಕೆ ಕೊಂಡೆ ಎಂಬುದಕ್ಕೆ ಇಷ್ಟು ವರ್ಷ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದೇನೆ. ನಿಜವಾದದ್ದು ಇದಿರಬೇಕು: ಪರೀಕ್ಷೆ ಬರೆದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಇಲ್ಲಿ ಒಂದು ಕೀಲಿ ಒತ್ತಿದರೆ ಕಂಪ್ಯೂಟರು ತಪ್ಪು ಎಂದಾದರೂ ತಕ್ಷಣ ಹೇಳುತ್ತಿತ್ತು.

ಹಾಸನದಿಂದ ಅಪ್ಪ ಫೋನಿನಲ್ಲಿ, "ಸಾಕು, ಬಂದ್ಬಿಡು" ಎನ್ನುತ್ತಿದ್ದರು. ಇದನ್ನು ಕಲಿತರೆ ಇಲ್ಲೇ ಕೆಲಸ ಸಿಗುತ್ತದೆ ಎಂದು ನಾನು. ಕೊನೆಗೊಂದು ದಿನ, "ಅಕ್ಕ ಏನಂತಾಳೋ ನೋಡೋಣ. ಅವಳು ಇದರಲ್ಲಿ ಏನೋ ಇದೆ ಅಂದ್ರೆ ಇರು, ಇಲ್ಲಾಂದ್ರೆ ಟಿಕೆಟ್ ಮಾಡಿಸು" ಎಂದರು. ನಾನು ದೆಹಲಿಯಲ್ಲಿ ಇರುವುದೋ ಬಿಡುವುದೋ ಅತ್ತೆಯ ಒಂದು ಮಾತಿಗೆ ಬಂದು ನಿಂತಿತು.

ಅತ್ತೆ ಕೇಂದ್ರ ಸರ್ಕಾರದ ಲೆಕ್ಕಪತ್ರ ವಿಭಾಗದಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು. ಯಾರ ಬಗ್ಗೆಯೂ ಸುಮ್ಮನೆ ಒಳ್ಳೆಯ ಮಾತು ಆಡಿದವರಲ್ಲ.

"ನಿನ್ನ ಜಾವಾ ಗೀವಾ ನಂಗೇನೇ ಗೊತ್ತು? ಕೆಲಸಕ್ಕೆ ಬರೋದು ಏನಾದ್ರೂ ಮಾಡಿ ತೋರ್ಸು" ಎಂದರು. ಏನು ಮಾಡಬೇಕೆಂದೂ ಅವರೇ ಹೇಳಿದರು. ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಕನ್ನಡದ ಮನೆಯವರು ತಿಂಗಳಿಗೊಮ್ಮೆ ಸೇರಿ ತಂಬೋಲಾ ಆಡುತ್ತಿದ್ದರು. ಚೀಲದಿಂದ ಸಂಖ್ಯೆಯ ಬಿಲ್ಲೆ ತೆಗೆದು ಒಬ್ಬರು ಕೂಗುವುದು, ಉಳಿದವರು ತಮ್ಮ ಟಿಕೆಟ್ಟಿನಲ್ಲಿ ಆ ಸಂಖ್ಯೆ ಇದ್ದರೆ ಹೊಡೆದುಹಾಕುವುದು. ಕೆಲವು ಬಿಲ್ಲೆ ಕಳೆದು, ಅವುಗಳ ಬದಲಿಗೆ ಅಂಗಿಯ ಗುಂಡಿಗಳು ಬಂದಿದ್ದವು. ಯಾವ ಗುಂಡಿ ಯಾವ ಸಂಖ್ಯೆ ಎಂದು ಪ್ರತಿ ಸಲ ಜಗಳ. ಬಿಲ್ಲೆಯ ಕೆಲಸವನ್ನು ಫೋನೇ ಮಾಡಲಿ ಎಂದರು ಅತ್ತೆ.

ಅತ್ತೆಯ ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಕೂತೆ. ಕೂತೆ ಎನ್ನುವುದೂ ಸರಿಯಲ್ಲ. ಎರಡು ಸಾಲು ಬರೆದು ಬಾಲ್ಕನಿಗೆ ಹೋಗುತ್ತಿದ್ದೆ, ವಾಪಸು ಬರುವಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕೂಗುತ್ತಿರುತ್ತಿತ್ತು. "ಕೂತ್ಕೊಳೇ, ನೆಲ ಸವೆದು ಕೆಳಗಿನ ಮನೆಯವರು ಕಾಣಿಸ್ತಾರೆ" ಎನ್ನುತ್ತಿದ್ದರು ಅತ್ತೆ. ಕನ್ನಡ ಅಕ್ಷರ ಹಾಕಿದರೆ ಬರೀ ಚೌಕಗಳು ಮೂಡುತ್ತಿದ್ದವು, ಹಾಗಾಗಿ ಅಂಕಿಗಳಷ್ಟೇ ಸಾಕೆಂದುಕೊಂಡೆ. ಕಂಪ್ಯೂಟರಿನೊಳಗೆ ಫೋನಿನದೇ ಒಂದು ಚಿತ್ರ ಇರುತ್ತಿತ್ತು, ಪ್ರೋಗ್ರಾಮನ್ನು ಓಡಿಸಿ ನೋಡುತ್ತಿದ್ದುದು ಅದರಲ್ಲೇ. ತಂಬೋಲಾದ ತೊಂಬತ್ತು ಸಂಖ್ಯೆಗೆ ತೊಂಬತ್ತು ಮನೆಯ ಕೋಷ್ಟಕ ಒಂದೊಂದಾಗಿ ತುಂಬುವುದನ್ನು ನೋಡುತ್ತಿದ್ದೆ. ಯಾವ ಸಂಖ್ಯೆಯೂ ಎರಡು ಸಲ ಬರಬಾರದು, ಯಾವುದೂ ಬಿಟ್ಟುಹೋಗಬಾರದು. ನನ್ನ ಕಣ್ಣಿದ್ದದ್ದು ಅದರ ಮೇಲೆ ಮಾತ್ರ.

ನನ್ನ ಫೋನು ಕಪ್ಪು ಬಿಳುಪಿನದು, ಇಂಥದ್ದು ಅದರಲ್ಲಿ ಓಡುತ್ತಿರಲಿಲ್ಲ. ಕೇಬಲ್ ಹಾಕಿ ಅತ್ತೆಯ ಫೋನಿಗೆ ಇಳಿಸಿಕೊಟ್ಟೆ. ಇದನ್ನು ಮಾಡಿದವರು ಯಾರೋ ತಿಳಿಯದು, ಆದರೂ ಹಾಕಿಕೊಳ್ಳಬೇಕೇ ಎಂದು ಫೋನು ಇಂಗ್ಲಿಷಿನಲ್ಲಿ ಕೇಳಿತು. ಅತ್ತೆ ಕನ್ನಡಕ ಏರಿಸಿಕೊಂಡು ಓದಿ, "ಇದಕ್ಕೂ ನಿನ್ ಮೇಲೆ ನಂಬಿಕೆ ಇಲ್ವಲ್ಲೇ!" ಎಂದು ನಕ್ಕರು.

ಮುಂದಿನ ಭಾನುವಾರದವರೆಗೆ ಅದು ಅವರ ಕೈಯಲ್ಲೇ ಇತ್ತು. ಬೀನ್ಸಿನ ನಾರು ತೆಗೆಯುತ್ತ ನಡುನಡುವೆ ಒತ್ತುತ್ತಿದ್ದರು.

"ಹೇಗಿದೆ ಅತ್ತೆ?"

"ಅಂಕಿ ಬರ್ತಿದೆ."

ಅಪ್ಪನಿಗೆ ಏನು ಹೇಳುತ್ತೀರಿ ಎಂದು ಕೇಳದೆ ಬಾಲ್ಕನಿಗೆ ಹೋದೆ.

ಭಾನುವಾರ ಮಧ್ಯಾಹ್ನ ಸೊಸೈಟಿಯ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಟಿಕೆಟ್ಟುಗಳನ್ನು ಮೇಜಿನ ಮೇಲೆ ಹರಡಿದ್ದರು, ಬೇಕಾದ್ದನ್ನು ಎತ್ತಿಕೊಳ್ಳಬಹುದಿತ್ತು. ಅತ್ತೆ ಒಂದೊಂದನ್ನೇ ತಿರುವಿ ಹಾಕುತ್ತ ಬಹಳ ಹೊತ್ತು ನಿಂತರು.

"ಏನ್ರೀ ಇದು, ಸೀರೆ ಆರಿಸ್ತಿದ್ದೀರಾ?" ಎಂದು ಪಕ್ಕದ ಫ್ಲ್ಯಾಟಿನಾಕೆ ಛೇಡಿಸಿದರು.

"ಬಾರ್ಡರ್ ಚೆನ್ನಾಗಿರೋದು ಬೇಕಲ್ರೀ."

ಫೋನು ಹಿಡಿದು ಸಂಖ್ಯೆ ಕೂಗಿದವಳು ನಾನು. ಕೆಲವೇ ಸಂಖ್ಯೆ ಕೂಗಿದ್ದೆ, ಅತ್ತೆ "ಜಲ್ದಿ ಫೈವ್!" ಎಂದು ಕೈ ಎತ್ತಿದರು. ಎಲ್ಲರಿಗಿಂತ ಮೊದಲು ಐದು ಸಂಖ್ಯೆ ಹೊಡೆದವರಿಗೆ ಆ ಬಹುಮಾನ. "ಆಂಟಿ, ಇತ್ನೀ ಜಲ್ದಿ?" ಎಂದು ಒಂದು ಹುಡುಗಿ, ಇಷ್ಟು ಬೇಗನೇ ಎಂಬಂತೆ, ಕೂಗಿದಳು. ಟಿಕೆಟ್ ತಾಳೆ ನೋಡಿ, ಚಪಾತಿ ಬಿಸಿಯಾಗಿಡುವ ಕ್ಯಾಸರೋಲ್ ಕೊಟ್ಟರು. ಆಟ ಕೊನೆಯವರೆಗೂ ಜಗಳವಿಲ್ಲದೆ ನಡೆಯಿತು. ಇನ್ನೊಂದು ಆಟ ಆಡೋಣ ಎಂದು ಎಲ್ಲರೂ ಗಲಾಟೆ ಮಾಡಿದಾಗ ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡು, "ಬ್ಯಾಟ್ರಿ ಹೋಯ್ತು. ಗುಂಡೀನೇ ತೆಗೀರಿ" ಎಂದರು.

ಮನೆಗೆ ಬಂದವರೇ ಅಪ್ಪನಿಗೆ ಫೋನು ಮಾಡಿದರು. "ನೋಡೋ, ಹುಡುಗಿ ಮಾಡಿದ್ದು ಚೆನ್ನಾಗಿದೆ. ಇರಲಿ ಇಲ್ಲೇ" ಎಂದದ್ದು ಕಿವಿಯಲ್ಲಿ ಇನ್ನೂ ಇದೆ. ನಾನು ಕೇಳಿಸಿಕೊಳ್ಳುತ್ತಲೇ ಬಾಲ್ಕನಿಗೂ ಅಡುಗೆಮನೆಗೂ ಓಡಾಡುತ್ತಿದ್ದೆ.

ಆಮೇಲೆ ನೋಯ್ಡಾದ ಒಂದು ಚಿಕ್ಕ ಕಂಪನಿಯಲ್ಲಿ ಫೋನಿನ ಆಟಗಳನ್ನು ಮಾಡುವ ಕೆಲಸ ಸಿಕ್ಕಿತು. ಬಣ್ಣದ ಪರದೆಯ ಫೋನು ಕೊಂಡೆ. ಒಂದು ಬೆಳಿಗ್ಗೆ ಮೆಟ್ರೋದಲ್ಲಿ, ನನ್ನದೇ ತಂಬೋಲಾವನ್ನು ಮೊದಲ ಸಲ ನನ್ನದೇ ಫೋನಿನಲ್ಲಿ ತೆರೆದೆ. ನಲವತ್ತೊಂದು, ಎಂಟು, ಅರವತ್ಮೂರು. ಮುಚ್ಚಿ ಮತ್ತೆ ತೆರೆದೆ. ನಲವತ್ತೊಂದು, ಎಂಟು, ಅರವತ್ಮೂರು. ಸಿಕ್ಕ ಸೀಟು ಬಿಟ್ಟು ಎದ್ದು ನಿಂತೆ, ಯಾವುದೋ ನಿಲ್ದಾಣದಲ್ಲಿ ಇಳಿದೂ ಬಿಟ್ಟೆ.

ಫೋನಿಗೆ ಸಂಖ್ಯೆಗಳನ್ನು ತಾನಾಗಿ ಕಲೆಸಲು ಬರುವುದಿಲ್ಲ. ಶುರುಮಾಡಲು ಒಂದು ಸಂಖ್ಯೆ ಕೊಡಬೇಕು, ಅದರಿಂದ ಮುಂದಿನವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಪ್ರತಿ ಸಲ ಅದೇ ಸಂಖ್ಯೆ ಕೊಟ್ಟರೆ ಪ್ರತಿ ಸಲ ಅದೇ ಸಾಲು. ಪುಸ್ತಕದ ಉದಾಹರಣೆಯಲ್ಲಿ ಅಲ್ಲೊಂದು ಸಂಖ್ಯೆ ಬರೆದಿತ್ತು, ನಾನು ಅದನ್ನೂ ಸೇರಿಸಿ ನಕಲು ಮಾಡಿದ್ದೆ. ಹೊಸಬರು ಮಾಡುವ ತಪ್ಪೇ. ಆದರೆ ಅಷ್ಟು ದಿನ ಅದನ್ನು ಒತ್ತುತ್ತ ಕೂತಿದ್ದವರು, ಬದುಕೆಲ್ಲ ಅಂಕಿ ನೋಡಿದ ಅತ್ತೆ, ಅದೇ ಸಾಲು ಮತ್ತೆ ಮತ್ತೆ ಬಂದದ್ದನ್ನು ಕಾಣಲಿಲ್ಲವೇ? ಕಂಡಿದ್ದರೆ, ಚೆನ್ನಾಗಿದೆ ಎಂದು ಅಪ್ಪನಿಗೆ ಹೇಳಿದ್ದು ಏನನ್ನು?

ಬರೀ ಅದೃಷ್ಟವೂ ಇರಬಹುದು. ಜಲ್ದಿ ಫೈವ್ ಯಾರಿಗಾದರೂ ಬರುತ್ತದೆ. ಟಿಕೆಟ್ ಆರಿಸುವುದಕ್ಕೆ ಅವರು ಯಾವಾಗಲೂ ಅಷ್ಟೇ ಹೊತ್ತು ಹಿಡಿಯುತ್ತಿದ್ದರೇನೋ. ನನ್ನನ್ನು ಕಾಡುವುದು ಬ್ಯಾಟರಿ. ಇನ್ನೊಂದು ಆಟ ನಡೆದಿದ್ದರೆ ಅದೇ ಸಾಲು ಎಲ್ಲರ ಎದುರಿಗೇ ಬರುತ್ತಿತ್ತು, ಆ ಬ್ಯಾಟರಿ ನಿಜವಾಗಿ ಹೋಗಿತ್ತೇ? ಅಪ್ಪನ ಜೊತೆ ಮಾತಾಡುವಾಗ ಅವರ ಕೈಯಲ್ಲಿ ಆ ಮೊಬೈಲೇ ಇದ್ದ ಹಾಗೆ ಕಾಣುತ್ತದೆ. ಇನ್ನೊಂದು ಗಳಿಗೆಗೆ, ಫ್ರಿಜ್ಜಿನ ಪಕ್ಕದ ಲ್ಯಾಂಡ್‌ಲೈನಿನ ಸುರುಳಿ ವೈರು ಬೆರಳಿಗೆ ಸುತ್ತಿಕೊಂಡು ನಿಂತ ಹಾಗೂ ಕಾಣುತ್ತದೆ. ಎರಡೂ ಅಷ್ಟೇ ಸ್ಪಷ್ಟ.

ಹೋದ ಸಲ ದ್ವಾರಕಾಕ್ಕೆ ಹೋದಾಗ ಊಟಕ್ಕೆ ಕೂತಿದ್ದೆವು. ಅತ್ತೆ ಅದೇ ಕ್ಯಾಸರೋಲಿನ ಮುಚ್ಚಳ ತೆಗೆದು ನನ್ನ ತಟ್ಟೆಗೆ ಬೇಡವೆಂದರೂ ಇನ್ನೊಂದು ಚಪಾತಿ ಹಾಕಿದರು. ನಾನು ಎದ್ದೆ, ಕೂತೆ, ಕೊನೆಗೆ ಕೇಳಿಯೇಬಿಟ್ಟೆ:

"ಅತ್ತೆ, ಅವತ್ತು ತಂಬೋಲಾ ಆದ್ಮೇಲೆ ಅಪ್ಪನ ಹತ್ರ ಯಾವ ಫೋನಿಂದ ಮಾತಾಡಿದ್ರಿ?"