ಹತ್ತಿ ಗೋಡೌನಿನ ಸಾಕ್ಷಿ

ರಾಜಧಾನಿಯ ಪಕ್ಕದ ಇಂದಿರಾಪುರಂನ ನಮ್ಮ ಸೊಸೈಟಿಯ ಕಾವಲುಗಾರ ಇವತ್ತು ಬೆಳಿಗ್ಗೆ ಹೊದೆಯುವ ತನ್ನ ಹತ್ತಿಯ ರಜಾಯಿಯನ್ನು ಕಾಂಪೌಂಡಿನ ಮೇಲೆ ಬಿಸಿಲಿಗೆ ಹರವಿದ್ದ. ರಾತ್ರಿಯೆಲ್ಲ ಚಳಿ ಕಾಯಿಸುವ ಅಂಗೀಠಿಯ ಹೊಗೆ ಕುಡಿದ ಹತ್ತಿ. ಬೇರೆಯವರು ಮೂಗು ಮುಚ್ಚಿಕೊಂಡು ಹೋದರು, ನಾನು ನಿಂತುಬಿಟ್ಟೆ. ನನಗೆ ಅನ್ನ ಕೊಟ್ಟ ವಾಸನೆ ಅದು.

ವ್ಯಾಪಾರ ಮತ್ತು ವಿಮೆಯ ವ್ಯಾಜ್ಯಗಳೇ ನನ್ನ ವಕೀಲಿ. ಕಾನೂನು ಪುಸ್ತಕದಿಂದ ಬಂತು, ಚೌಕಾಶಿ ಬ್ಯಾಡಗಿಯ ಮೆಣಸಿನಕಾಯಿ ಮಂಡಿಯಿಂದ. ನೀವು ಕೇಳದಿದ್ದರೂ ಒಂದು ಮಾತು ಹೇಳಿಬಿಡುತ್ತೇನೆ: ಅಂಗಡಿಗೆ ಬೆಂಕಿ ಬಿದ್ದರೆ ಕಸ ಗುಡಿಸಬೇಡಿ. ವಿಮಾ ಸರ್ವೇಯರ್ ಬಂದು ನೋಡುವ ತನಕ ಬೂದಿಯೂ ನಿಮ್ಮ ಸಾಕ್ಷಿಯೇ.

ಅಂಥ ಸರ್ವೇಯರ್ ಒಬ್ಬರು ನನಗೆ ಗೆಳೆಯರಾಗಿದ್ದರು, ವಾಸುದೇವರಾಯರು. ಸುಟ್ಟ ಜಾಗ ನೋಡಿ ನಷ್ಟದ ವರದಿ ಬರೆಯುವುದು ಅವರ ಕೆಲಸ. ಪತ್ನಿ ಸುಶೀಲಮ್ಮ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದುದರಿಂದ ರಾಜಧಾನಿಯ ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ಮನೆ. ಒಂಟಿ ಮನುಷ್ಯನಾದ ನನಗೆ ಭಾನುವಾರದ ಊಟ ಅಲ್ಲೇ. ಸಾರು ಬಡಿಸುತ್ತಾ ಸುಶೀಲಮ್ಮ ಕೆಣಕುತ್ತಿದ್ದರು: "ನಿಮ್ಮನ್ನ ಕಂಡ್ರೆ ತರಕಾರಿ ಭಯ್ಯಾ ಗಾಡಿ ತಿರುಗಿಸ್ಕೊಂಡು ಹೋಗ್ತಾನೆ. ನೀವು ಹೋದ್ಮೇಲೆ ನಾನು ಕೊತ್ತಂಬರಿಗೆ ಪರದಾಡಬೇಕು."

ಆ ಮನೆಯಲ್ಲಿ ಒಂದೇ ಕಟ್ಟಳೆ: ತಟ್ಟೆಯ ಮುಂದೆ ಕಡತದ ಮಾತಿಲ್ಲ. ಒಂದು ಭಾನುವಾರ ರಾಯರು ಕೆಮ್ಮುತ್ತಾ ಅಂದರು, "ಈ ಸಲ ಹತ್ತಿ ಗೋಡೌನು. ಹೊಗೆ ಎದೇಲೇ ಕೂತುಬಿಡ್ತು. ಬಾಗಿಲಲ್ಲೇ ನಿಂತು ನೋಡಿ ಬಂದೆ ಕಣ್ರೀ." ಅದು ಕಡತದ ಮಾತಲ್ಲ, ಕೆಮ್ಮಿನ ಮಾತು. ನಾನೂ ಶುಂಠಿ ಕಷಾಯ ಕುಡಿಯಿರಿ ಎಂದೆ.

ಮರುತಿಂಗಳು ಗಾಜಿಯಾಬಾದಿನ ರಜಾಯಿ ವ್ಯಾಪಾರಿಯೊಬ್ಬ ನನ್ನಲ್ಲಿಗೆ ಬಂದ. ಬೆಂಕಿ ಬಿದ್ದ ತನ್ನ ಹತ್ತಿ ಗೋಡೌನಿನಲ್ಲಿ ಹಿಂಬದಿಯ ಸರಕಿಗೆ ಏನೂ ಆಗಿಲ್ಲವೆಂದು ಸರ್ವೇಯರ್ ಬರೆದಿದ್ದಾರೆ, ಆದರೆ ಅದೆಲ್ಲ ಅಗ್ನಿಶಾಮಕದ ನೀರಿನಲ್ಲಿ ನೆನೆದು ಹೋಗಿದೆ ಎಂದು ಗೋಳಾಡಿದ. ವರದಿಯ ಕೊನೆಯಲ್ಲಿ ರಾಯರ ಸಹಿ. ಮೊಕದ್ದಮೆ ಬೇರೆಯವರಿಗೆ ಕೊಡಬಹುದಿತ್ತು. ಕೊಡಲಿಲ್ಲ. ಗೆಲ್ಲುವ ಪ್ರಶ್ನೆ ನನ್ನ ಕಿಸೆಯಲ್ಲಿತ್ತಲ್ಲ.

ಗ್ರಾಹಕ ಆಯೋಗದ ಮುಂದೆ ರಾಯರನ್ನು ಕೇಳಿದೆ, ಗೋಡೌನಿನ ಒಳಗೆ ಎಷ್ಟು ಹೆಜ್ಜೆ ಹೋದಿರಿ? ಅವರು ನನ್ನನ್ನೇ ನೋಡಿದರು. ಸುಳ್ಳು ಹೇಳಿದ್ದರೆ ಹಿಡಿಯಲು ನನ್ನ ಹತ್ತಿರ ಬೇರೆ ಸಾಕ್ಷಿಯಿರಲಿಲ್ಲ. "ಹೋಗಲಿಲ್ಲ," ಎಂದುಬಿಟ್ಟರು.

ಹೊರಗೆ ಕಾರಿಡಾರಿನಲ್ಲಿ ನನ್ನ ಪಕ್ಕ ಬಂದು ನಿಂತರು. "ಪ್ರಶ್ನೆ ಸರಿಯಾಗೇ ಇತ್ತು ವಕೀಲರೇ. ಉತ್ತರ ಮಾತ್ರ ನಮ್ಮನೆ ಊಟದ್ದು."

ಮುಂದಿನ ಭಾನುವಾರ ಅವರ ಫೋನ್ ಬರಲಿಲ್ಲ. ಮೊದಲು ಬಾಯಿಬಿಟ್ಟವನು ಸೋತ ಎಂಬುದು ಮಂಡಿಯ ಪಾಠ. ಕಾದೆ. ಎಷ್ಟೋ ಕಂಪನಿಗಳನ್ನು ಹೀಗೇ ಸುಮ್ಮನೆ ಕೂತು ಬಗ್ಗಿಸಿದ್ದೆ. ಆರು ವರ್ಷ ಭಾನುವಾರಗಳಲ್ಲಿ ಒಬ್ಬನೇ ಬ್ರೆಡ್ಡು ತಿಂದೆ.

ಸುಶೀಲಮ್ಮ ನಿವೃತ್ತರಾಗಿದ್ದಾರೆ, ನಾಳೆ ಕ್ವಾರ್ಟರ್ಸ್ ಬಿಟ್ಟು ಊರಿಗೆ ಹೋಗುತ್ತಿದ್ದಾರೆ ಎಂದು ಯಾರೋ ಹೇಳಿದ್ದರು. ಇವತ್ತು ಮಧ್ಯಾಹ್ನ ಹೊರಟೆ. ವ್ಯಾಪಾರಿಯ ಸರಕು ನಿಜಕ್ಕೂ ನೆನೆದಿತ್ತು, ಕೇಳುವುದು ನನ್ನ ಕರ್ತವ್ಯವಾಗಿತ್ತು ಎಂದು ದಾರಿಯುದ್ದಕ್ಕೂ ವಾದ ಹೆಣೆದೆ. ರಾಯರು ಬಾಗಿಲು ತೆಗೆದಾಗ ಅದ್ಯಾವುದೂ ಬಾಯಿಗೆ ಬರಲಿಲ್ಲ.

"ನಿಮ್ಮನೆ ಮಾತನ್ನ ಅಲ್ಲಿಗೆ ಒಯ್ಯಬಾರದಿತ್ತು ರಾಯರೇ. ತಪ್ಪಾಯ್ತು."

"ಹೂಂ," ಎಂದರು. ಪಕ್ಕಕ್ಕೆ ಸರಿದು ನನ್ನನ್ನು ಒಳಗೆ ಬಿಟ್ಟು, "ಊಟ?"

"ಇಲ್ಲ."

"ನಮ್ಮದಾಯ್ತಲ್ಲ. ಪಾತ್ರೆ ಎಲ್ಲಾ ಕಟ್ಟಿಟ್ಟಿದೀವಿ."

ನೀರು ತಂದುಕೊಟ್ಟರು. ಸುಶೀಲಮ್ಮ ಹೊರಗೆ ಬರಲಿಲ್ಲ; ಒಳಗೆ ಡಬ್ಬಗಳಿಗೆ ಟೇಪು ಎಳೆಯುವ ಸದ್ದು. ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದೆ, ಹೇಳಿದರು. ಸ್ಟೇಷನ್ನಿಗೆ ಬರುತ್ತೇನೆಂದೆ. ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ. ಕ್ಷಮಿಸಿದಿರಾ ಎಂಬ ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಕೇಳದೆ ಮೆಟ್ಟಿಲಿಳಿದೆ.