ಕಪ್ಪಿನ ಮೇಲೆ ಹಳದಿ ಅಕ್ಷರ

ನಮ್ಮೂರ ಹಾಲಿನ ಡೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ನನ್ನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಆ ಕುರ್ಚಿ ಸಿಕ್ಕಿದ ಮೇಲೆಯೇ ಮನೆಯಲ್ಲಿ ತಲೆ ಎತ್ತಿ ಮಾತಾಡತೊಡಗಿದ್ದು. ಬೆಳಗ್ಗೆ, ಸಂಜೆ ಜನ ಕ್ಯಾನು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಹಾಲು ಅಳೆಯುವವನು ಮನೆಯ ನಂಬರು, ಲೀಟರು, ಫ್ಯಾಟು ಮೂರನ್ನೂ ಬಸ್‌ಸ್ಟ್ಯಾಂಡಿನ ಕಂಡಕ್ಟರನ ಹಾಗೆ ಕೂಗುತ್ತಿದ್ದ. ಅವನು ಬಾಯಿ ಮುಚ್ಚುವಷ್ಟರಲ್ಲಿ ಅಕ್ಕ ಕೀಲಿಮಣೆಯಲ್ಲಿ ಒತ್ತಿ ಮುಗಿಸುತ್ತಿದ್ದಳು. ಪ್ರಿಂಟರು ಕಿರ್ರೆಂದು ಚೀಟಿ ಹೊರಹಾಕುತ್ತಿತ್ತು. ಚೀಟಿ ತಪ್ಪಿದೆ ಎಂದು ಜಗಳಕ್ಕೆ ಬಂದವರನ್ನು ನಾನು ಕಂಡಿಲ್ಲ.

ಅವಳ ಕಣ್ಣು ಮಾತ್ರ ಸೋಲುತ್ತಿತ್ತು. ಇದು ನರದ ದೋಷ, ಕನ್ನಡಕದಿಂದ ಹೋಗುವುದಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಅಕ್ಕ ನಮಗೆ ಹೇಳುತ್ತಿದ್ದದ್ದು ಸಂಜೆ ಹೊತ್ತು ಒಂಚೂರು ಮಬ್ಬು ಎಂದಷ್ಟೇ. ನಾವೂ ನಂಬಿಕೊಂಡಿದ್ದೆವು.

ನಾನೂ ನನ್ನ ಕಾಲೇಜಿನ ಗೆಳೆಯನೂ ಆಗ ಪಾಂಡವಪುರದಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಕಬ್ಬು ಅರೆಯುವ ಕಾಲದಲ್ಲಿ ಕಿಟಕಿ ತೆಗೆದರೆ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ, ಮುಚ್ಚಿದರೆ ಗೊಬ್ಬರದ್ದು. ನಮ್ಮೂರ ಡೇರಿಯ ಅಧ್ಯಕ್ಷರು ಒಂದು ದಿನ ಆ ಮೆಟ್ಟಿಲು ಹತ್ತಿ ಬಂದರು. ಕಿರಂಗೂರಿನ ಕಡೆ ಎಲ್ಲೋ ಮೌಸಿನಿಂದ ನಡೆಯುವ ಪ್ರೋಗ್ರಾಂ ನೋಡಿ ಬಂದಿದ್ದರಂತೆ. ಬರೀ ಕೀಲಿ ಒತ್ತಿ ನಡೆಸುವ ಆ ಹಳೆಯ ಡಾಸ್ ಪ್ರೋಗ್ರಾಂ ತೆಗೆದು ನಮಗೂ ಅಂಥದ್ದೇ ಮಾಡಿಕೊಡಿ ಎಂದರು. ನಿಮ್ಮಕ್ಕನಿಗೆ ಒಗ್ಗದಿದ್ದರೆ ಬೇರೆ ಯಾರನ್ನಾದರೂ ಕೂರಿಸೋಣ ಎಂದೂ ಮೆತ್ತಗೆ ಸೇರಿಸಿದರು. ಇಂಥ ಮಾತನ್ನು ಮೆತ್ತಗೆ ಆಡುವವರನ್ನು ಕಂಡರೆ ನನಗೆ ಇನ್ನಷ್ಟು ಮೈ ಉರಿಯುತ್ತದೆ.

ಪರದೆಯ ಮೇಲೆ ಗುಂಡಿ, ಚೌಕ, ಪಟ್ಟಿಗಳನ್ನು ಮೂಡಿಸಿಕೊಡುವ ಟೂಲ್‌ಕಿಟ್ ಯಾವುದಿರಬೇಕು ಎಂಬಲ್ಲಿಂದ ನಮ್ಮಿಬ್ಬರ ಜಗಳ ಶುರುವಾಯಿತು. ಗೆಳೆಯ ಹಿಡಿದದ್ದರಲ್ಲಿ ಎಲ್ಲ ಸಿದ್ಧವಾಗಿತ್ತು. ಉಬ್ಬಿದ ಗುಂಡಿಗಳು, ಹಾಲಿನ ಕ್ಯಾನಿನ ಪುಟ್ಟ ಚಿತ್ರ, ಎಳೆದು ತಂದು ಇಟ್ಟರೆ ಕೆಲಸ ಮುಗಿಯಿತು. ಆದರೆ ಬಣ್ಣವೂ ಅಕ್ಷರದ ಗಾತ್ರವೂ ಅದು ಕೊಟ್ಟಷ್ಟೇ. ಬೂದು ಬಣ್ಣದ ಮೇಲೆ ಇರುವೆಯಷ್ಟು ಅಕ್ಷರ. ನಾನು ಹಿಡಿದದ್ದು ಶುದ್ಧ ಗೋಳು. ಒಂದು ಚೌಕ ಮೂಡಿಸಬೇಕಾದರೂ ಪುಟಗಟ್ಟಲೆ ಬರೆಯಬೇಕು, ಬರೆದದ್ದು ಕೆಟ್ಟು ನಿಂತರೆ ಯಾಕೆ ನಿಂತಿತೆಂದು ಅದು ಹೇಳುವುದೂ ಇಲ್ಲ. ಆದರೆ ಬಣ್ಣ, ಗಾತ್ರ, ಯಾವ ಕೀಲಿ ಒತ್ತಿದರೆ ಏನಾಗಬೇಕು ಎಂಬುದೆಲ್ಲ ನಮ್ಮ ಕೈಯಲ್ಲಿ. ಕೊನೆಗೆ ಗೆಳೆಯ, "ನಿಮ್ಮಕ್ಕ ಒಬ್ಳಿಗೋಸ್ಕರ ಊರ್ನೆಲ್ಲಾ ಕಾಯಿಸ್ತೀಯೇನ್ಲಾ?" ಎಂದ. ಹೌದು ಎಂದೆ. ಅವನು ಒಪ್ಪಿದನೋ, ಸಾಕಾಗಿ ಸುಮ್ಮನಾದನೋ, ಇವತ್ತಿಗೂ ಗೊತ್ತಿಲ್ಲ.

ಕಪ್ಪಿನ ಮೇಲೆ ಹಳದಿ, ನೀಲಿಯ ಮೇಲೆ ಬಿಳಿ ಎಂದು ಏನೇನೋ ಮಾಡಿ ನೋಡಿ ಕಪ್ಪು ಹಳದಿಗೆ ಬಂದು ನಿಂತೆ. ಕನ್ನಡದ ಅಕ್ಷರಗಳನ್ನು ಬಾಗಿಲಿನಿಂದಲೇ ಓದುವಷ್ಟು ದಪ್ಪ ಮಾಡಿದೆ. ದಿನಾ ಊಟದ ಹೊತ್ತಿಗೆ ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದೆ. ಅವಳು ನಗುತ್ತಾ ಮುದ್ದೆ ಮುರಿಯುತ್ತಿದ್ದಳು.

ಪ್ರೋಗ್ರಾಂ ತೋರಿಸಲು ಅವಳನ್ನು ಡೇರಿಗೆ ಕರೆದೊಯ್ದದ್ದು ಒಂದು ಮಧ್ಯಾಹ್ನ. ತೊಳೆದ ಕ್ಯಾನುಗಳನ್ನು ಬೋರಲು ಹಾಕಿದ್ದರು, ಒಳಗೆ ನಾವಿಬ್ಬರೇ. ಪ್ರೋಗ್ರಾಂ ತುಂಬಿಸಿ, ಹೊಸ ಮಾನಿಟರನ್ನು ಮೇಜಿನ ಮೇಲಿಟ್ಟು, ಅಕ್ಕನನ್ನು ಅದರೆದುರಿಗೆ ಕೂರಿಸಿ, ವೈರು ಸಿಕ್ಕಿಸಲು ಮೇಜಿನಡಿಗೆ ನುಗ್ಗಿದೆ. ಮೊದಲು ಕಂಪ್ಯೂಟರಿನ ಡಬ್ಬದ ಸ್ವಿಚ್ಚು ಹಾಕಿದೆ. ಫ್ಯಾನು ಗುಂಯ್‌ಗುಟ್ಟಿತು, ಸ್ವಲ್ಪ ಹೊತ್ತಿಗೆ ಶುರುವಾಗುವ ಸದ್ದೂ ಬಂತು.

ಮೇಲಿನಿಂದ ಅಕ್ಕ, "ಅಳದಿ ಅಕ್ಸರ ಬೋ ಚೆಂದಾಗವೆ ಕಣ್ಲಾ. ಕಣ್ಗೆ ಇತವಾಗದೆ" ಎಂದಳು.

ಮಾನಿಟರಿನ ಪ್ಲಗ್ಗು ಇನ್ನೂ ನನ್ನ ಕೈಯಲ್ಲೇ ಇತ್ತು.

ಹೊರಗೆ ತಲೆ ಹಾಕಿ ನೋಡಿದೆ. ಮಾನಿಟರಿನ ಕಪ್ಪು ಗಾಜಿನೆದುರು ಅಕ್ಕ ನೆಟ್ಟಗೆ ಕೂತು ನಗುತ್ತಿದ್ದಳು. ಬೆರಳುಗಳು ಕೀಲಿಗಳ ಮೇಲೆ ಸಿದ್ಧವಾಗಿದ್ದವು. ಅಳು ಒತ್ತರಿಸಿ ಬಂತು, ಧೂಳಿಗೆ ಕೆಮ್ಮಿದವನಂತೆ ಕೆಮ್ಮಿದೆ. ಎಷ್ಟು ದಿನದಿಂದ ಹೀಗೆ? ಕೂಗಿದ್ದನ್ನು ಕೇಳಿ, ಕೈಯ ಅಭ್ಯಾಸದ ಮೇಲೆ, ಎಷ್ಟು ಜನರ ಹಾಲಿನ ಲೆಕ್ಕ ಬರೆದಿದ್ದಳು?

"ಇನ್ನೊಸಿ ದಪ್ಪ ಮಾಡ್ಲಾ ಅಕ್ಕ?" ಎಂದೆ.

"ಬ್ಯಾಡ ಬುಡು. ಇಷ್ಟೇ ಸಾಕು."

ಪ್ಲಗ್ಗು ಸಿಕ್ಕಿಸಿದೆ. ಹಳದಿ ಅಕ್ಷರಗಳು ಮೂಡಿ ಬಂದವು. ನಿಜವಾಗಿಯೂ ಚೆಂದಾಗಿದ್ದವು.

ಮರುದಿನ ಪಾಂಡವಪುರಕ್ಕೆ ಹೋಗಿ ಮೌಸನ್ನು ಪೂರ್ತಿ ಪಕ್ಕಕ್ಕಿಟ್ಟೆ. ಹಳೆಯ ಪ್ರೋಗ್ರಾಮಿನಲ್ಲಿ ಯಾವ ಕೀಲಿಯ ನಂತರ ಯಾವ ಕೀಲಿ ಒತ್ತಬೇಕಿತ್ತೋ ಹೊಸದರಲ್ಲೂ ಅದೇ ಕ್ರಮ, ತಪ್ಪಾದರೆ ಒಂದು ಸದ್ದು, ಸರಿಯಾದರೆ ಇನ್ನೊಂದು. ನನ್ನ ಗೋಳಿನ ಟೂಲ್‌ಕಿಟ್ಟು ಅಷ್ಟಕ್ಕೆ ಒಪ್ಪಿತು. ಪರದೆ ಅಷ್ಟು ಚೆನ್ನಾಗಿರುವಾಗ ಇದೆಲ್ಲ ಯಾಕೆ ಎಂದು ಗೆಳೆಯ ರೇಗಿದ. ನಾನು ಸದ್ದಿನ ಕೆಲಸ ಮುಂದುವರಿಸಿದೆ. ಶುರುವಿನ ದಿನ ಅಧ್ಯಕ್ಷರು ಬಾಗಿಲಲ್ಲೇ ನಿಂತು ಅಕ್ಷರಗಳನ್ನು ಓದಿ ಖುಷಿಪಟ್ಟರು. ಅಳೆಯುವವನು ಕೂಗಿದ, ಅಕ್ಕ ಒತ್ತಿದಳು, ಚೀಟಿ ಬಂತು. ಕುರ್ಚಿ ಅವಳದೇ ಆಯಿತು.

ಅವರೆಕಾಯಿಯ ಕಾಲದಲ್ಲಿ ಒಂದು ದಿನ ಅಕ್ಕ ಜಗಲಿಯ ಮೇಲೆ ನೆನೆಸಿದ ಕಾಳನ್ನು ಸಿಪ್ಪೆಯಿಂದ ಇದುಕುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿದ್ದೆ. ಮುಖ ನನ್ನ ಕಡೆ ತಿರುಗಿಸದೆ ಕೇಳಿದಳು:

"ಅವತ್ತು ಮದ್ಯಾನ ಡೇರೀಲಿ, ಆ ಕಂಪೂಟ್ರು ಟೀವಿ ಉರೀತಿತ್ತೇನ್ಲಾ?"

"ಉರೀತಿತ್ತು ಕಣಕ್ಕ" ಎಂದೆ.

ಅವಳು ಹೂಂ ಎಂದು, ತಡವಿ ಮತ್ತೊಂದು ಕಾಳು ತೆಗೆದುಕೊಂಡಳು.